ಪಿಕ್ಸೆಲ್ ಅಕ್ಷರ ವಿನ್ಯಾಸದಲ್ಲಿ ಮಾರ್ಗರೇಖೆಗಳು: ಸಾರ್ವಜನಿಕರ ಮಾಹಿತಿಗಾಗಿ

ಗಣಕಯಂತ್ರದ ಪರದೆಯ ಮೇಲೆ ಕನ್ನಡ ಅಕ್ಷರಗಳು ಪಿಕ್ಸೆಲ್ ಎಂಬ ಸಣ್ಣ ಚೌಕಗಳಿಂದ ಮೂಡುತ್ತವೆ. ಇಂತಹ ಅಕ್ಷರಗಳನ್ನು ಫಾಂಟ್ ಸಂಪಾದಕದಲ್ಲಿ ರೂಪಿಸುವಾಗ ಈ ಕೆಳಕಂಡ ರೇಖೆಗಳನ್ನು ಮೊದಲೇ ನಿಗದಿಪಡಿಸಿಕೊಳ್ಳತಕ್ಕದ್ದು.

1. ಪಾದರೇಖೆ: ಮೂಲಾಕ್ಷರಗಳೆಲ್ಲವೂ ಇದರ ಮೇಲೆ ನಿಲ್ಲತಕ್ಕದ್ದು.

2. ತಲಕಟ್ಟಿನ ರೇಖೆ: ಅಕ್ಷರಗಳ ಎತ್ತರವನ್ನು ಸಮನಾಗಿರಿಸುತ್ತದೆ. ‘ಲಿ’ ಅಕ್ಷರದ ಗುಡಿಸಿಗೂ ಮೇಲ್ಭಾಗದಲ್ಲಿ ಸ್ಥಳ ಬಿಡತಕ್ಕದ್ದು.

3. ಒತ್ತಕ್ಷರದ ರೇಖೆ: ‘ಯಲಿಯೂರು’ ಎಂಬ ಹೆಸರಿನಲ್ಲಿ ಒತ್ತಕ್ಷರವಿಲ್ಲ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರರಲ್ಲಿಯೂ ಇದೆ. ಪಾದರೇಖೆಯ ಕೆಳಗೆ ಸ್ಥಳವಿಲ್ಲದಿದ್ದಲ್ಲಿ ಗ್ರಾಮದ ಹೆಸರು ಸರಿಯಾಗಿ ಮೂಡಿ, ತಾಲ್ಲೂಕಿನ ಹೆಸರು ಕತ್ತರಿಸಿಹೋಗುತ್ತದೆ.

4. ಮಧ್ಯರೇಖೆ: ‘ರ’ ಮತ್ತು ‘ಠ’, ‘ಧ’ ಮತ್ತು ‘ಥ’ ಇವುಗಳಿಗೆ ನಡುವಿನ ಚುಕ್ಕಿಯೇ ಮುಖ್ಯ ವ್ಯತ್ಯಾಸ. ಚುಕ್ಕಿಯ ಸುತ್ತ ಕನಿಷ್ಠ ಒಂದು ಪಿಕ್ಸೆಲ್ ಖಾಲಿ ಇರತಕ್ಕದ್ದು.

ಅರ್ಜಿದಾರರ ಗಮನಕ್ಕೆ: 1991ರಿಂದ ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಮೂಲಾಕ್ಷರಕ್ಕೂ ಪ್ರತ್ಯೇಕ ಸಂಕೇತವಿದೆ. ಯುನಿಕೋಡ್ ದಾಖಲೆಯಲ್ಲಿ ಸಂಕೇತ ಸರಿಯಿದ್ದು ಆಕಾರ ಮಾತ್ರ ಅಸ್ಪಷ್ಟವಾಗಿದ್ದಲ್ಲಿ, ಬೇರೆ ಫಾಂಟ್‌ನಲ್ಲಿ ಅಥವಾ ದೊಡ್ಡ ಗಾತ್ರದಲ್ಲಿ ನೋಡಿದರೆ ಸಾಕು. ಆಗಲೂ ಹೆಸರು ತಪ್ಪಾಗಿಯೇ ಕಂಡುಬಂದಲ್ಲಿ ದಾಖಲೆಯೇ ತಪ್ಪಾಗಿರುತ್ತದೆ. ಪಹಣಿಯಲ್ಲಿ ಒಂದು ಚುಕ್ಕಿಯ ವ್ಯತ್ಯಾಸವೂ ಬೇರೊಬ್ಬರ ಹೆಸರಾಗಬಹುದಾದ್ದರಿಂದ, ಪೂರಕ ದಾಖಲೆಗಳೊಂದಿಗೆ ತಾಲ್ಲೂಕು ಕಚೇರಿಗೆ ತಿದ್ದುಪಡಿ ಅರ್ಜಿ ಸಲ್ಲಿಸಲು ಕೋರಲಾಗಿದೆ.