ಗ್ರಾಮೊಫೋನ್ ತಟ್ಟೆಗಳ ಸಂಗ್ರಹಮೌಲ್ಯ ಮತ್ತು ಕಲಾವಿದರ ಚರಿತ್ರೆ: ಉಡುಪಿ ಪರಿಸರವನ್ನು ಕುರಿತು

ಹಳೆಯ ಗ್ರಾಮೊಫೋನ್ ತಟ್ಟೆಗೆ ಎರಡು ಬಗೆಯ ಬೆಲೆಯುಂಟು. ಸಂಗ್ರಾಹಕರು ನೋಡುವುದು ಅದರ ಅಪರೂಪವನ್ನು, ಗೀರುಗಳಿಲ್ಲದ ಮೈಯನ್ನು, ಮೊದಲ ಅಚ್ಚಿನದೇ ಎಂಬುದನ್ನು, ಮೂಲದ ಲಕೋಟೆ ಉಳಿದಿದೆಯೇ ಎಂಬುದನ್ನು. ಸಂಗೀತ ಮತ್ತು ಜಾನಪದದ ಚರಿತ್ರೆಯನ್ನು ಬರೆಯುವವರಿಗೆ ಅದೇ ತಟ್ಟೆ ಒಂದು ದಾಖಲೆ. ಗೀರು ಬಿದ್ದು ಪೇಟೆಯಲ್ಲಿ ಕಾಸಿಗೂ ಬಾಳದ ತಟ್ಟೆಯೊಂದು ಒಬ್ಬ ಗಾಯಕನ ಧ್ವನಿಗೆ ಉಳಿದಿರುವ ಏಕೈಕ ಸಾಕ್ಷ್ಯವಾಗಿರಬಹುದು. ಈ ಎರಡು ಮೌಲ್ಯಗಳ ನಡುವಿನ ಅಂತರವನ್ನು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಪರಿಸರದಲ್ಲಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜನರ ಮಾತಿನಲ್ಲಿ ಎಲ್ಲವೂ ‘ಪ್ಲೇಟು’ ಅಥವಾ ‘ರೆಕಾರ್ಡು’. ಆದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆ ಅರಗಿನಿಂದ ಮಾಡಿದ್ದು. ಕೈತಪ್ಪಿ ಬಿದ್ದರೆ ಒಡೆಯುತ್ತದೆ. ಅನಂತರ ಬಂದ 45 ಸುತ್ತಿನ ಇ.ಪಿ. ಹಾಗೂ ಮೂವತ್ತಮೂರೂ ಕಾಲಿನ ಮೇಲಿನ ಸುತ್ತಿನ ಎಲ್.ಪಿ.ಗಳು ವಿನೈಲಿನವು. ಭಾರತದಲ್ಲಿ ಗ್ರಾಮೊಫೋನ್ ಕಂಪೆನಿಯ ಮೊದಲ ಧ್ವನಿಮುದ್ರಣ ನಡೆದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಫ್ರೆಡ್ ಗೈಸ್‌ಬರ್ಗ್ ನಡೆಸಿದ ಆ ಮುದ್ರಣದಲ್ಲಿ ಹಾಡಿದ ಗೌಹರ್ ಜಾನ್ ತಮ್ಮ ಜೀವನದ ಕೊನೆಗಾಲದಲ್ಲಿ ಮೈಸೂರಿನ ಆಸ್ಥಾನದ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹಾಡು ಮುಗಿದ ಕೂಡಲೇ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುವುದು ಆ ತಟ್ಟೆಗಳ ವೈಶಿಷ್ಟ್ಯ. ಅದು ಬಿಂಕದ ಮಾತಲ್ಲ. ಆಗ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿನ ಭಾಷೆಯರಿಯದ ಕೆಲಸಗಾರರಿಗೆ ಹಾಡಿದವರು ಯಾರೆಂಬುದು ತಿಳಿಯಬೇಕಾಗಿತ್ತು. ತಟ್ಟೆಯ ನಡುಭಾಗದ ನುಣುಪಾದ ಜಾಗದಲ್ಲಿ ಕೆತ್ತಿದ ಸಂಖ್ಯೆಗಳೂ ಇಂತಹ ಆಧಾರಗಳೇ. ಅವುಗಳಿಂದ ಮುದ್ರಣದ ಕಾಲ, ಕೆಲವೊಮ್ಮೆ ಮುದ್ರಿಸಿಕೊಂಡ ತಂತ್ರಜ್ಞ ಯಾರು ಎಂಬುದನ್ನೂ ನಿರ್ಧರಿಸಲು ಸಾಧ್ಯ.

ಲೇಬಲ್ಲಿನ ಬರಹವನ್ನು ಮಾತ್ರ ಎಚ್ಚರದಿಂದ ಓದಬೇಕು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಆರಂಭದ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಈ ಸಂಗತಿ ತಿಳಿಯದವನು ಅವನ್ನು ಬೇರೊಬ್ಬ ಗಾಯಕಿಯ ಖಾತೆಗೆ ಸೇರಿಸಿಬಿಡುವ ಸಂಭವವಿದೆ. ಪಕ್ಕವಾದ್ಯದವರ ಪಾಡಂತೂ ಇನ್ನೂ ಕಷ್ಟದ್ದು. ಬಹಳಷ್ಟು ತಟ್ಟೆಗಳಲ್ಲಿ ಅವರ ಹೆಸರೇ ಇಲ್ಲ.

ಉಡುಪಿ ಪರಿಸರದ ಮಟ್ಟಿಗೆ ಗ್ರಾಮೊಫೋನ್ ಚರಿತ್ರೆಯ ಮುಖ್ಯ ಹೆಸರು ಪಿ. ಕಾಳಿಂಗರಾಯರದು. ತಟ್ಟೆಯ ಮೇಲಿನ ‘ಪಿ.’ ಎಂದರೆ ಪಾಂಡೇಶ್ವರ. ಗಾಯಕರ ಊರಿನ ಗುರುತು ಆ ಒಂದಕ್ಷರದಲ್ಲಿ ಅಡಗಿ ಕುಳಿತಿದೆ. 1914ರಲ್ಲಿ ಈಗಿನ ಉಡುಪಿ ಜಿಲ್ಲೆಯ ಆರೂರಿನಲ್ಲಿ ಹುಟ್ಟಿದ ಅವರ ತಂದೆ ಯಕ್ಷಗಾನ ಕಲಾವಿದರು. ಬಾಲ್ಯದಲ್ಲಿಯೇ ನಾಟಕ ಮಂಡಳಿಯನ್ನು ಸೇರಿ ರಂಗಗೀತೆಗಳಲ್ಲಿ ಪಳಗಿದ ಕಾಳಿಂಗರಾಯರು ಮುಂದೆ ಮದರಾಸಿಗೆ ಹೋದರು; ಚಲನಚಿತ್ರಗಳಿಗೂ ಸಂಗೀತ ಒದಗಿಸಿದರು. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದುದರಿಂದ ಕರಾವಳಿಯ ಕಲಾವಿದನಿಗೆ ಆ ನಗರ ಪರದೇಶವಾಗಿರಲಿಲ್ಲ. ಮೋಹನಕುಮಾರಿ ಮತ್ತು ಸೋಹನಕುಮಾರಿಯವರೊಡನೆ ಅವರು ಹಾಡಿದ ಗೀತೆಗಳು ಕನ್ನಡ ನಾಡಿನ ಉದ್ದಗಲಕ್ಕೂ ಕೇಳಿಬಂದವು. ಕನ್ನಡ ಏಕೀಕರಣದ ಸಭೆಗಳಲ್ಲಿ ಅವರ ಕಂಠಕ್ಕೆ ದೊರೆತ ಸ್ಥಾನವಂತೂ ಸುಪ್ರಸಿದ್ಧವೇ ಆಗಿದೆ. ಅವರು ತೀರಿಕೊಂಡದ್ದು 1981ರಲ್ಲಿ.

ಕಾಳಿಂಗರಾಯರ ಕೀರ್ತಿಗೆ ಕಂಠದಷ್ಟೇ ತಟ್ಟೆಯ ಅಳತೆಯೂ ಕಾರಣವಾಯಿತೆಂಬುದನ್ನು ಗಮನಿಸಬೇಕು. ಹತ್ತು ಅಂಗುಲದ ಅರಗಿನ ತಟ್ಟೆಯ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಸುತ್ತದೆ. ನವೋದಯದ ಭಾವಗೀತೆ ಈ ಅಳತೆಗೆ ಹೇಳಿ ಮಾಡಿಸಿದಂತಿತ್ತು. ನಾಲ್ಕಾರು ನುಡಿಗಳು, ಮರುಕಳಿಸುವ ಪಲ್ಲವಿ, ನಡುವೆ ವಾದ್ಯದ ಒಂದು ಎಳೆ: ಅಷ್ಟರಲ್ಲಿ ಸೂಜಿ ನಡುಭಾಗಕ್ಕೆ ಬಂದಿರುತ್ತದೆ. ಜಿ.ಪಿ. ರಾಜರತ್ನಂ ಮೊದಲಾದವರ ಕವಿತೆಗಳನ್ನು ಮತ್ತು ಜಾನಪದ ಗೀತೆಗಳನ್ನು ಕಾಳಿಂಗರಾಯರು ಇಂತಹ ಮಿತಿಯಲ್ಲಿ ಪೂರ್ಣವೆನಿಸುವಂತೆ ಹಾಡಿದರು. ಮುಂದೆ ಸುಗಮ ಸಂಗೀತವೆಂದು ಹೆಸರಾದ ಪ್ರಕಾರದ ರೂಪ ಸಿದ್ಧವಾಗುವುದರಲ್ಲಿ ಈ ಮೂರು ನಿಮಿಷಗಳ ಪಾಲು ಸಣ್ಣದಲ್ಲ. ಆದರೆ ತಟ್ಟೆಗೆ ಬಂದ ಜಾನಪದ ಗೀತೆ ಬೀಸುವ ಕಲ್ಲಿನ, ನಾಟಿಯ ಗದ್ದೆಯ ಗೀತೆಯಲ್ಲ. ಎಷ್ಟು ಬೇಕಾದರೂ ಲಂಬಿಸಬಹುದಾಗಿದ್ದ ಹಾಡು ಇಲ್ಲಿ ಆರಂಭ, ಅಂತ್ಯಗಳನ್ನು ಪಡೆದು ವಾದ್ಯಮೇಳದೊಡನೆ ಹೊಸ ಹುಟ್ಟನ್ನು ಪಡೆದಿದೆ. ತಟ್ಟೆಯನ್ನು ಜಾನಪದದ ಆಕರವೆಂದು ಬಳಸುವಾಗ ಈ ವ್ಯತ್ಯಾಸವನ್ನು ಮರೆಯುವುದು ಆಗಾಗ ಕಂಡುಬರುವ ದೋಷ.

ಹಾಗಾದರೆ ಕಾಳಿಂಗರಾಯರ ಮನೆತನದ ಕಲೆಯಾದ ಯಕ್ಷಗಾನದ ಗತಿಯೇನು? ಭಾಗವತರ ಒಂದು ಪದವನ್ನು ತಟ್ಟೆಗೆ ಇಳಿಸಬಹುದು; ಪ್ರಸಂಗವನ್ನು ಇಳಿಸಲಾಗದು. ರಾತ್ರಿ ಒಂಬತ್ತಕ್ಕೆ ಆರಂಭವಾಗಿ ಬೆಳಗಿನ ಆರಕ್ಕೆ ಮಂಗಳವಾಗುವ ಆಟವನ್ನು 78 ಸುತ್ತಿನ ತಟ್ಟೆಗಳಲ್ಲಿ ತುಂಬಬೇಕಾದರೆ 180 ಮುಖಗಳು, ಎಂದರೆ 90 ತಟ್ಟೆಗಳು ಬೇಕು. ಚೆಂಡೆಯ ಏರುಪೆಟ್ಟು, ಅರ್ಥಗಾರಿಕೆಯ ವಾದ-ಪ್ರತಿವಾದ, ಸಭೆಯ ನಗು ಯಾವುದಕ್ಕೂ ಅಲ್ಲಿ ಎಡೆಯಿಲ್ಲ. ತುಳುವಿನ ಪಾಡ್ದನಗಳಿಗೂ ಇದೇ ತೊಡಕು. ಕಾರ್ಕಳ ತಾಲೂಕಿನ ನಂದಳಿಕೆ ಕವಿ ಮುದ್ದಣನ ಹುಟ್ಟೂರು. ಅದು ಸಿರಿಯ ಆಲಡೆಯೂ ಹೌದು. ಸಿರಿಯ ಪಾಡ್ದನವನ್ನು ಗೋಪಾಲ ನಾಯ್ಕರಿಂದ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರೊಡನೆ 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿಕೊಳ್ಳಲು ಆರು ದಿನಗಳು ಹಿಡಿದವು. 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದ ಆ ಪಠ್ಯದಲ್ಲಿ 15,683 ಸಾಲುಗಳಿವೆ. ಮೂರು ನಿಮಿಷದ ತಟ್ಟೆ ಇಂತಹ ಕಾವ್ಯಕ್ಕೆ ಕಿವಿಗೊಡಲು ಶಕ್ತವಾಗಿರಲಿಲ್ಲ. ಪೇಟೆಯಲ್ಲಿ ಹಳೆಯ ತಟ್ಟೆಗಳ ಬೆಲೆ ಏರುತ್ತ ಹೋದಂತೆ ಮುದ್ರಿತವಾದದ್ದೇ ಮಹತ್ತ್ವದ್ದೆಂಬ ಭಾವನೆ ಬೇರೂರುವ ಅಪಾಯವಿದೆ. ತಟ್ಟೆಯಲ್ಲಿ ದೊರೆಯದ ಕಲಾವಿದ ಕಡಿಮೆಯವನಾಗಿರಲಿಲ್ಲ, ಅವನ ಕಲೆ ತಟ್ಟೆಗಿಂತ ದೊಡ್ಡದಾಗಿತ್ತು. ತಾಳಮದ್ದಳೆಗೆ ಅನುಕೂಲವಾಗಿ ಒದಗಿದ್ದು ಮುಂದೆ ಬಂದ ಕ್ಯಾಸೆಟ್ಟು. ಭಾವಗೀತೆಯೂ ಅದೇ ದಾರಿ ಹಿಡಿದು, 1978ರ ‘ನಿತ್ಯೋತ್ಸವ’ದೊಂದಿಗೆ ಕ್ಯಾಸೆಟ್ಟಿನ ಯುಗವನ್ನು ಪ್ರವೇಶಿಸಿತು.

ಉಳಿದ ತಟ್ಟೆಗಳಿಗೆ ಕರಾವಳಿಯ ಹವೆ ಮಿತ್ರನಲ್ಲ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಕಾಪುವಿನಂತಹ ಕಡಲತಡಿಯಲ್ಲಿ ಉಪ್ಪುಗಾಳಿ ಯಂತ್ರದ ಸ್ಪ್ರಿಂಗಿಗೆ ತುಕ್ಕು ಹಿಡಿಸಿದರೆ, ಘಟ್ಟದ ಬುಡದ ಕಾರ್ಕಳದಲ್ಲಿ ತೇವದಿಂದ ತಟ್ಟೆಗೆ ಬೂಷ್ಟು ಹಿಡಿಯುತ್ತದೆ, ಕಾಗದದ ಲಕೋಟೆ ಹುಳುಗಳ ಪಾಲಾಗುತ್ತದೆ. ತಟ್ಟೆಯನ್ನು ಮಲಗಿಸಿ ಪೇರಿಸಿದರೆ ಭಾರಕ್ಕೆ ಬಿರುಕು, ಓರೆಯಾಗಿ ನಿಲ್ಲಿಸಿದರೆ ಸೆಕೆಗೆ ಬಾಗು. ನೆಟ್ಟಗೆ ನಿಲ್ಲಿಸಿ ಇಡುವುದೇ ಸರಿಯಾದ ಕ್ರಮ. ಇದಕ್ಕಿಂತ ದೊಡ್ಡ ನಷ್ಟ ಉಂಟಾಗುವುದು ಮನೆ ಪಾಲಾದಾಗ. ಪೆಟ್ಟಿಗೆಯೊಂದಿಗೆ ತಟ್ಟೆಗಳು ವ್ಯಾಪಾರಿಯ ಕೈಗೆ ಹೋಗುತ್ತವೆ. ಅವನ್ನು ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಕೊಂಡರು, ಹಬ್ಬಕ್ಕೆ ಯಾವುದನ್ನು ಹಾಕುತ್ತಿದ್ದರು ಎಂಬ ನೆನಪು ಮನೆಯಲ್ಲೇ ಉಳಿದು ಹಿರಿಯರೊಡನೆ ಮುಗಿಯುತ್ತದೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮರುಕಟ್ಟಿದ ಮನೆಗಳಲ್ಲಿ ಕುಂಜೂರು ಚೌಕಿಮನೆಯೂ ಒಂದು. ಊರಿನ ಹೆಸರು ಅಲ್ಲಿ ಮನೆಯೊಡನೆ ಬಂದಿದೆ. ತಟ್ಟೆಯ ಸಂಗ್ರಹದಲ್ಲಿ ಅಂತಹ ಕ್ರಮ ವಿರಳ.

ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ಕು.ಶಿ. ಹರಿದಾಸ ಭಟ್ಟರ ನೇತೃತ್ವದಲ್ಲಿ ಬೆಳೆದ ಪ್ರಾದೇಶಿಕ ರಂಗಕಲೆಗಳ ಅಧ್ಯಯನ ಕೇಂದ್ರ ಯಕ್ಷಗಾನ, ಭೂತಾರಾಧನೆ ಮೊದಲಾದ ಕಲೆಗಳ ಧ್ವನಿ ಮತ್ತು ದೃಶ್ಯ ದಾಖಲೆಗಳನ್ನು ಕೂಡಿಹಾಕಿತು. ಅಲ್ಲಿ ಅನುಸರಿಸಿದ ಕ್ಷೇತ್ರಕಾರ್ಯದ ಶಿಸ್ತು, ಎಂದರೆ ಕಲಾವಿದ, ಸ್ಥಳ, ದಿನಾಂಕ, ಸಂದರ್ಭಗಳ ನಮೂದು, ವಾಣಿಜ್ಯ ತಟ್ಟೆಗಳಿಗೂ ಅನ್ವಯಿಸಬೇಕಾದದ್ದೇ. ತಟ್ಟೆಯ ಸಂಖ್ಯೆ, ಲೇಬಲ್ಲಿನ ಬಣ್ಣ, ಕೆತ್ತಿದ ಗುರುತು, ಹಿಂದಿನ ಒಡೆಯರ ಮನೆತನದ ಹೇಳಿಕೆ ಇವೆಲ್ಲ ಒಂದೇ ಚೀಟಿಯಲ್ಲಿ ಸೇರಿದಾಗ ಮಾತ್ರ ತಟ್ಟೆಯಿಂದ ಕಲಾವಿದನ ಬದುಕಿಗೆ ಹಿಂದಿರುಗುವ ದಾರಿ ತೆರೆಯುತ್ತದೆ.

ಡಿಜಿಟಲ್ ರೂಪಕ್ಕೆ ತರುವ ಸಂಸ್ಥೆಗಳು ಕಾನೂನನ್ನೂ ಅರಿತಿರಬೇಕು. ಭಾರತದ ಕೃತಿಸ್ವಾಮ್ಯ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಆದ್ದರಿಂದ 1950ರ ದಶಕದಲ್ಲಿ ಹೊರಬಂದ ತಟ್ಟೆಗಳ ಧ್ವನಿಯ ಮೇಲೆ ಈಗ ಆ ಹಕ್ಕು ಉಳಿದಿಲ್ಲ. ಸಾಹಿತ್ಯದ ಹಕ್ಕಿನ ಲೆಕ್ಕವೇ ಬೇರೆ. ಅದು ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ. ಅವರ ಕವಿತೆಯಿರುವ ತಟ್ಟೆಯೊಂದನ್ನು ಸಾರ್ವಜನಿಕರ ಮುಂದಿಡಬಯಸುವ ಗ್ರಂಥಾಲಯಕ್ಕೆ 2039ರ ಕೊನೆಯವರೆಗೆ ಹಕ್ಕುದಾರರ ಒಪ್ಪಿಗೆ ಬೇಕಾಗುತ್ತದೆ.