ಮರ್ಫಿಗಳೆಲ್ಲ ಒಂದೇ ವಂಶದವರೇ?

ಬೆಂಗಳೂರಿನ ಹಲಸೂರಿನ ಪಕ್ಕದಲ್ಲಿ ಮರ್ಫಿ ಟೌನ್ ಇದೆ. ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿ ಮರ್ಫಿ ರೇಡಿಯೊ ಹಾಡುತ್ತಿತ್ತು. ‘ಕೆಡಬಹುದಾದದ್ದು ಕೆಟ್ಟೇ ಕೆಡುತ್ತದೆ’ ಎನ್ನುವ ಮರ್ಫಿ ನಿಯಮವನ್ನೂ ಕೇಳಿರುತ್ತೀರಿ. ಮೊದಲನೆಯದು ಬ್ರಿಟಿಷರ ಕಾಲದಲ್ಲಿ ದಂಡು ಪ್ರದೇಶದಲ್ಲಿದ್ದ ಎಂಜಿನಿಯರೊಬ್ಬರ ಹೆಸರು. ಎರಡನೆಯದು 1929ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿ ಶುರುಮಾಡಿದ ಎಂಜಿನಿಯರ್ ಫ್ರ್ಯಾಂಕ್ ಮರ್ಫಿಯದು. ಮೂರನೆಯದು ಅಮೆರಿಕದ ವಾಯುಪಡೆಯ ಎಂಜಿನಿಯರ್ ಎಡ್ವರ್ಡ್ ಮರ್ಫಿಯದು. ಮೂವರೂ ಎಂಜಿನಿಯರುಗಳು, ಮೂವರೂ ಮರ್ಫಿಗಳು. ಹಾಗಾದರೆ ನೆಂಟರೇ?

ಹೆಸರು ಒಂದಾದರೆ ಮೂಲಪುರುಷನೂ ಒಬ್ಬನೇ ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ಮರ್ಫಿ ಹೆಸರಿನ ಮಟ್ಟಿಗೆ ಅದು ತಪ್ಪು.

ಇದರ ಐರಿಶ್ ರೂಪವನ್ನು ಈಗ ಹೆಚ್ಚುಕಡಿಮೆ ‘ಓ ಮುರಖೂ’ ಎಂದು ಉಚ್ಚರಿಸುತ್ತಾರೆ. ‘ಓ’ ಎಂದರೆ ಮೊಮ್ಮಗ ಅಥವಾ ವಂಶಜ. ಇಂಗ್ಲಿಷಿನ ‘ಆಫ್’ ಪದವೇ ಮೊಟಕಾಗಿ ‘ಓ’ ಆಗಿದೆ ಎನ್ನುವುದು ಸರಿಯಲ್ಲ. ‘ಮ್ಯಾಕ್’ ಎಂದರೆ ಮಗ. ಮುರಖ ಎಂಬುದು ಗಂಡಸಿನ ಹೆಸರು. ಕಡಲು, ಕದನ ಎಂಬ ಅರ್ಥದ ಎರಡು ಪದಗಳು ಸೇರಿ ಆದದ್ದು. ಕಡಲ ಕಲಿ ಎನ್ನಬಹುದು. (ನಮ್ಮ ‘ಮೂರ್ಖ’ನಿಗೂ ಇವನಿಗೂ ಸಂಬಂಧವಿಲ್ಲ!)

ಹತ್ತು, ಹನ್ನೊಂದನೇ ಶತಮಾನದ ಹೊತ್ತಿಗೇ ಐರ್ಲೆಂಡಿನಲ್ಲಿ ಮನೆತನದ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಸಾಗತೊಡಗಿದವು. ಯುರೋಪಿನಲ್ಲಿ ಇಷ್ಟು ಬೇಗ ಈ ಪದ್ಧತಿ ನೆಲೆಯೂರಿದ ದೇಶಗಳು ಕಡಿಮೆ. ಆಗ ಮುರಖ ಎಂಬ ಹೆಸರಿನವರು ಊರೂರಲ್ಲೂ ಇದ್ದರು. ಆಗ್ನೇಯದ ವೆಕ್ಸ್‌ಫರ್ಡ್‌ನಲ್ಲಿ ಒಬ್ಬ ಮುರಖನ ಸಂತತಿ ಆ ಹೆಸರು ಹಿಡಿಯಿತು. ದಕ್ಷಿಣದ ಕಾರ್ಕ್‌ನಲ್ಲೂ ಮರ್ಫಿಗಳು ದಟ್ಟವಾಗಿದ್ದರು. ಉತ್ತರದ ಅಲ್ಸ್ಟರ್‌ನವರು ‘ಓ’ ಅಲ್ಲ, ‘ಮ್ಯಾಕ್’ ಹಚ್ಚಿಕೊಂಡವರು. ಹದಿನಾರು, ಹದಿನೇಳನೇ ಶತಮಾನದಲ್ಲಿ ಇಂಗ್ಲಿಷ್ ಆಡಳಿತ ಬಿಗಿಯಾದಾಗ ಗುಮಾಸ್ತರು ಕಿವಿಗೆ ಬಿದ್ದಂತೆ ಹೆಸರು ಬರೆದುಕೊಂಡರು. ‘ಓ’ ಹೋಯಿತು, ‘ಮ್ಯಾಕ್’ ಹೋಯಿತು, ಎಲ್ಲರೂ ಮರ್ಫಿಗಳಾದರು. ಮುಂದೆ ಐರಿಶ್ ಅಭಿಮಾನ ಮರಳಿದಾಗ ಸಲಿವನ್‌ಗಳಲ್ಲಿ ಅನೇಕರು ಮತ್ತೆ ಓ’ಸಲಿವನ್ ಆದರು. ಮರ್ಫಿಗಳು ಮಾತ್ರ ಆ ಗೋಜಿಗೆ ಹೋದದ್ದು ತೀರ ಅಪರೂಪ.

ಇದನ್ನು ಡಿಎನ್‌ಎ ಕೂಡ ಹೇಳುತ್ತದೆ. ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗಷ್ಟೇ ಹೋಗುತ್ತದೆ, ಮನೆತನದ ಹೆಸರಿನ ಹಾಗೆಯೇ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ವಿಜ್ಞಾನಿಗಳು 43 ಹೆಸರುಗಳ 1,125 ಗಂಡಸರನ್ನು ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಹೆಸರಿನ ಇಬ್ಬರಲ್ಲಿ ವೈ ಕ್ರೋಮೋಸೋಮಿನ ಗುರುತುಗಳು ಹೊಂದುವ ಸಾಧ್ಯತೆ ಸರಾಸರಿ 30 ಪಟ್ಟು ಹೆಚ್ಚಿತ್ತು. ಅಂದರೆ ಹೆಸರಿಗೂ ರಕ್ತಕ್ಕೂ ನಂಟು ಇಲ್ಲವೆಂದಲ್ಲ. ಓ’ಸಲಿವನ್, ರಯಾನ್ ಹೆಸರುಗಳು ಮುಖ್ಯವಾಗಿ ಒಬ್ಬೊಬ್ಬ ಪೂರ್ವಜನತ್ತ ಬೆರಳು ಮಾಡಿದವು. ಮರ್ಫಿ ಮತ್ತು ಕೆಲ್ಲಿ ಹೆಸರುಗಳಿಗೆ ಮಾತ್ರ ಮೂಲಪುರುಷರು ಹಲವರು. ಈ ಹೆಸರುಗಳು ಇಷ್ಟು ಹೆಚ್ಚಾಗಿರುವುದಕ್ಕೂ ಬಹುಶಃ ಅದೇ ಕಾರಣ.

ಎಷ್ಟು ಹೆಚ್ಚು? ರಾಬರ್ಟ್ ಮ್ಯಾಥೆಸನ್ ಎಂಬ ಅಧಿಕಾರಿ 1890ರ ಜನನ ದಾಖಲೆಗಳಿಂದ ಲೆಕ್ಕ ಹಾಕಿದಾಗ ಮರ್ಫಿಯೇ ದೇಶದ ಮೊದಲ ಹೆಸರು, ಅಂದಾಜು 62,600 ಜನ. ಅದು ಮಹಾಕ್ಷಾಮ ಮುಗಿದು ನಾಲ್ಕು ದಶಕಗಳ ನಂತರದ ಮಾತು. 1845ರಲ್ಲಿ ಆಲೂಗಡ್ಡೆಗೆ ರೋಗ ತಗಲಿ ಶುರುವಾದ ಆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಇಂದು ಅಮೆರಿಕದಲ್ಲೇ ಮೂರು ಲಕ್ಷಕ್ಕೂ ಹೆಚ್ಚು ಮರ್ಫಿಗಳಿದ್ದಾರೆ. ಇಂಗ್ಲಿಷ್ ಆಡುಮಾತಿನಲ್ಲಿ ಆಲೂಗಡ್ಡೆಗೇ ‘ಮರ್ಫಿ’ ಎಂಬ ಅಡ್ಡಹೆಸರಿತ್ತು. ಕ್ಷಾಮ ನೆನೆದರೆ ಈ ತಮಾಷೆಗೆ ನಗು ಬರುವುದಿಲ್ಲ.

ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಅಧಿಕಾರಿಗಳು ವಲಸಿಗರ ಹೆಸರು ಕತ್ತರಿಸಿದರು ಎಂಬ ಕಥೆಯೂ ಚಾಲ್ತಿಯಲ್ಲಿದೆ. ಆ ಕೇಂದ್ರ ತೆರೆದದ್ದು 1892ರಲ್ಲಿ. ಕ್ಷಾಮದ ವಲಸಿಗರು ಅಷ್ಟರಲ್ಲಿ ಮೊಮ್ಮಕ್ಕಳನ್ನು ಕಂಡಿದ್ದರು. ಅಲ್ಲಿನ ಗುಮಾಸ್ತರು ಹೆಸರು ಬರೆಯುತ್ತಲೂ ಇರಲಿಲ್ಲ, ಹಡಗಿನ ಪಟ್ಟಿಗೆ ತಾಳೆ ನೋಡುತ್ತಿದ್ದರು. ಇನ್ನು ಐರಿಶ್ ಹೆಸರಿದ್ದವರೆಲ್ಲ ಐರಿಶ್ ವಂಶದವರೂ ಅಲ್ಲ. ಗುಲಾಮಗಿರಿಯ ಕಾಲದಲ್ಲಿ ಎಷ್ಟೋ ಆಫ್ರಿಕನ್ ಅಮೆರಿಕನ್ನರಿಗೆ ಒಡೆಯರ ಹೆಸರೇ ಅಂಟಿಕೊಂಡಿತು.

‘ಮರ್ಫಿ ವಂಶದ ಲಾಂಛನ’ ಎಂದು ಮಗ್ಗು, ಫಲಕ ಮಾರುವ ಅಂಗಡಿಗಳು ಆನ್‌ಲೈನಿನಲ್ಲಿ ಬೇಕಾದಷ್ಟಿವೆ. ಲಾಂಛನ ಸಿಗುತ್ತಿದ್ದದ್ದು ವ್ಯಕ್ತಿಗೆ, ಅವನಿಂದ ಅವನ ಸಂತತಿಗೆ. ಹೆಸರು ಹೊಂದಿದ ಮಾತ್ರಕ್ಕೆ ಲಾಂಛನ ನಿಮ್ಮದಾಗದು. ನಿಜವಾದ ಬೇರು ಬೇಕೆಂದರೆ ಪೂರ್ವಜರ ಹಳ್ಳಿಯ ಹೆಸರು, ಚರ್ಚಿನ ದಾಖಲೆ ಹುಡುಕಬೇಕು. ಅದೂ ಸುಲಭವಲ್ಲ: 1922ರ ಜೂನ್‌ನಲ್ಲಿ ಅಂತರ್ಯುದ್ಧದ ಬೆಂಕಿಗೆ ಡಬ್ಲಿನ್‌ನ ದಾಖಲೆ ಕಚೇರಿ ಸಿಕ್ಕಿ ಶತಮಾನಗಳ ಕಾಗದಪತ್ರ ಬೂದಿಯಾಯಿತು. 1901 ಮತ್ತು 1911ರ ಜನಗಣತಿಯ ಹಾಳೆಗಳು ಉಳಿದಿವೆ, ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು.