ಎರಡಾಣೆಯ ಉಳಿತಾಯ ಮತ್ತು ಇಳಿವಯಸ್ಸು

ಪಿಂಚಣಿ ಎಂಬ ಶಬ್ದ ನಮ್ಮದಲ್ಲ. ಪರಭಾಷೆಯಿಂದ ಬಂದು ನಮ್ಮ ನಾಲಗೆಗೆ ಹೊಂದಿಕೊಂಡುದು. ವಿಶ್ರಾಂತಿವೇತನ, ನಿವೃತ್ತಿವೇತನ ಎಂಬವು ಅನಂತರ ಟಂಕಿಸಿದ ಮಾತುಗಳು. ಆದರೆ ದುಡಿಯಲಾರದ ದಿನಗಳಿಗೆ ದುಡಿಯುವ ದಿನಗಳಲ್ಲೇ ಏರ್ಪಾಡು ಮಾಡಿಕೊಳ್ಳಬೇಕೆಂಬ ವಿವೇಕವೂ ಹೊರಗಿನಿಂದ ಬಂದುದೇ? ಶುಕ್ರನೀತಿಯಲ್ಲಿ ಒಂದು ವಿಧಿಯಿದೆ. ನಲವತ್ತು ವರ್ಷ ಸೇವೆ ಸಲ್ಲಿಸಿದ ಭೃತ್ಯನಿಗೆ ಮುಂದೆ ಸೇವೆಯಿಲ್ಲದೆಯೇ ಅರ್ಧ ವೇತನವನ್ನು ಜೀವಮಾನವಿಡೀ ಕೊಡಬೇಕೆಂದು ಅದು ಹೇಳುತ್ತದೆ. ಓದಿದವರಿಗೆ ಸಂತೋಷವಾಗುವ ಮಾತು. ಆದರೆ ಆ ಗ್ರಂಥದ ಕಾಲವೇ ವಿವಾದಾಸ್ಪದ. ಹತ್ತೊಂಬತ್ತನೆಯ ಶತಮಾನದ ರಚನೆಯೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಆದುದರಿಂದ ಈ ಒಂದು ಶ್ಲೋಕವನ್ನು ಹಿಡಿದು, ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತೆಂದು ಬೀಗುವುದು ಇತಿಹಾಸದ ದಾರಿಯಲ್ಲ.

ನಮ್ಮ ನೆಲದ ಸಾಕ್ಷ್ಯ ಬೇರೆಡೆ ಇದೆ. ಊರಿಗಾಗಿ, ತುರುಗಳಿಗಾಗಿ ಕಾದಿ ಮಡಿದ ವೀರನ ಮನೆಯವರಿಗೆ ಬಿಡುತ್ತಿದ್ದ ನೆತ್ತರುಗೊಡಗೆಯ ಭೂಮಿ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಕಾಣಸಿಗುತ್ತದೆ. ಇಂದಿನ ಕುಟುಂಬ ಪಿಂಚಣಿಗೆ ಇದಕ್ಕಿಂತ ಹತ್ತಿರದ ಪೂರ್ವಜ ಸಿಗಲಾರದು. ದೇವಾಲಯದ ನಂದಾದೀಪಕ್ಕೆಂದು ಗದ್ಯಾಣಗಳನ್ನು ಮಹಾಜನರ ಅಥವಾ ಸೆಟ್ಟಿಗಳ ವಶಕ್ಕೆ ಕೊಟ್ಟು, ಮೂಲಧನವನ್ನು ಮುಟ್ಟದೆ ಬಡ್ಡಿಯಿಂದಲೇ ಎಣ್ಣೆ ನಡೆಯಬೇಕೆಂದು ಕಟ್ಟಳೆ ಮಾಡಿದ ಶಾಸನಗಳೂ ಹೇರಳವಾಗಿವೆ. ಅಸಲು ಉಳಿಯಬೇಕು, ಬಡ್ಡಿಯಲ್ಲಿ ಬಾಳಬೇಕು ಎಂಬ ಲೆಕ್ಕಾಚಾರ, ಅಂದರೆ ಇಂದಿನ ನಿವೃತ್ತರ ಲೆಕ್ಕಾಚಾರ, ಹೀಗೆ ನಮಗೆ ಹೊಸದೇನಲ್ಲ. ಆದರೆ ಈ ಅನುಕೂಲ ದೇವರಿಗಿತ್ತು. ಮುದುಕನಾದ ನೇಕಾರನಿಗೆ ಇರಲಿಲ್ಲ.

ಸಾಮಾನ್ಯರ ಮುಪ್ಪಿಗೆ ಆಸರೆಯಾಗಿದ್ದುದು ಭೂಮಿ ಮತ್ತು ಮಕ್ಕಳು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರ, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕಿದೆಯೆಂದಿತು. ಇದನ್ನು ನಾವು ಸಾಮಾನ್ಯವಾಗಿ ಮಗನ ಹಕ್ಕೆಂದೇ ಓದುತ್ತೇವೆ. ಇದರ ಇನ್ನೊಂದು ಮುಖವೆಂದರೆ, ಆಸ್ತಿ ಒಡೆಯದೆ ಒಂದೇ ಒಲೆ ಉರಿಯುವ ತನಕ ಮುದುಕನಿಗೂ ಅನ್ನವುಂಟು. ಸ್ತ್ರೀಧನದ ವ್ಯಾಪ್ತಿಯನ್ನು ಅದೇ ಗ್ರಂಥ ಉದಾರವಾಗಿ ಹಿಗ್ಗಿಸಿತ್ತು. ಇಂಗ್ಲಿಷರ ಕಾಲದ ನ್ಯಾಯಾಲಯಗಳು ಅದನ್ನು ಕುಗ್ಗಿಸಿದುವು. ವಿಧವೆಯ ಇಳಿಗಾಲಕ್ಕೆ ಕೊನೆಗೆ ಉಳಿದುದು ಕೊರಳಿನ ನಾಲ್ಕೆಳೆ ಚಿನ್ನವಷ್ಟೆ. ಭೂಮಿಯೂ ಇಲ್ಲದ, ಚಿನ್ನವೂ ಇಲ್ಲದ ಮನೆಗಳ ಮಾತನ್ನು ಧರ್ಮಶಾಸ್ತ್ರವೂ ಆಡಲಿಲ್ಲ, ಶಾಸನಗಳೂ ಆಡಲಿಲ್ಲ.

ಇಂಗ್ಲಿಷರ ಆಳ್ವಿಕೆಯಲ್ಲಿ ಸಂಬಳವೆಂಬ ಹೊಸ ಬೆಳೆ ಬಂತು. ಅದರ ಬೆನ್ನಿಗೆ ಪಿಂಚಣಿ ಬಂತು. 1882ರಲ್ಲಿ ಅಂಚೆ ಕಚೇರಿಯ ಉಳಿತಾಯ ಬ್ಯಾಂಕು ತೆರೆಯಿತು. ಮೈಸೂರು ಸಂಸ್ಥಾನ 1891ರಲ್ಲಿ ತನ್ನ ನೌಕರರಿಗೆ ಜೀವವಿಮೆಯನ್ನು ಏರ್ಪಡಿಸಿತು. ಇವೆಲ್ಲ ಗುಮಾಸ್ತ, ಶಿರಸ್ತೇದಾರ, ಮೇಷ್ಟರುಗಳ ಲೋಕ. ಈ ಲೋಕಕ್ಕೂ ಒಂದು ಸಿಡಿಲು ಬಡಿಯಿತು. 1906ರ ಅಕ್ಟೋಬರಿನಲ್ಲಿ ಮದರಾಸಿನ ಆರ್ಬತ್‌ನಾಟ್ ಕಂಪೆನಿ ದಿವಾಳಿಯೆದ್ದಿತು. ಬಿಳಿಯರ ಸಂಸ್ಥೆ, ಮುಳುಗಲಾರದೆಂದು ನಂಬಿ ಹಣವಿಟ್ಟಿದ್ದ ಸಾವಿರಾರು ಕುಟುಂಬಗಳ ಉಳಿತಾಯ ಕರಗಿಹೋಯಿತು. ಕಂಪೆನಿಯ ಮುಖ್ಯಸ್ಥ ಸರ್ ಜಾರ್ಜ್ ಆರ್ಬತ್‌ನಾಟ್ ಸೆರೆಮನೆ ಸೇರಿದ. ಹಣ ಇಟ್ಟವರಿಗೆ ಅದರಿಂದ ಏನು ಬಂತು?

ವಿಚಿತ್ರವೆಂದರೆ, ಅದೇ ವರ್ಷ ಅದೇ ಮದರಾಸು ಪ್ರಾಂತದ ಪಶ್ಚಿಮದ ಅಂಚಿನಲ್ಲಿ, ದಕ್ಷಿಣ ಕನ್ನಡದಲ್ಲಿ, ಎರಡು ಸಣ್ಣ ಸಂಸ್ಥೆಗಳು ಕಣ್ಣು ತೆರೆದಿದ್ದುವು. ಮಾರ್ಚಿಯಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ. ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ತೆರೆದ ಕೆನರಾ ಹಿಂದೂ ಪರ್ಮನೆಂಟ್ ಫಂಡ್, ಅಂದರೆ ಇಂದಿನ ಕೆನರಾ ಬ್ಯಾಂಕ್. ಉಡುಪಿಯಲ್ಲಿ ಮೊದಲ ದಿನ ಕೂಡಿದ ಹಣ 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಗಳನ್ನೂ ಬಿಡದೆ ಬರೆದಿಟ್ಟ ಲೆಕ್ಕಿಗನ ಬಗ್ಗೆ ನನಗೆ ಗೌರವವುಂಟು.

ಆದರೂ ಈ ಬ್ಯಾಂಕುಗಳ ಮೆಟ್ಟಿಲು ಹತ್ತಲು ಒಂದಿಷ್ಟು ಸ್ಥಿತಿವಂತಿಕೆ ಬೇಕಾಗಿತ್ತು. ಈ ಮೆಟ್ಟಿಲನ್ನೇ ದಾಟಿ ಹೊರಬಂದವರು ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾಕ್ಟರ್ ಟಿ. ಎಂ. ಎ. ಪೈ. ಇವರು 1925ರಲ್ಲಿ, ಮುಖ್ಯವಾಗಿ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು, 8,000 ರೂಪಾಯಿಗಳ ಬಂಡವಾಳದಿಂದ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಸರ್ಕಾರಿ ನೌಕರರ ಭವಿಷ್ಯನಿಧಿಗೆ ಸಂಬಂಧಿಸಿದ ಶಾಸನವೂ ಅದೇ 1925ರದು. ಸಂಬಳದವನಿಗೆ ಒಂದು ದಾರಿ, ಸಂಬಳವಿಲ್ಲದವನಿಗೆ ಇನ್ನೊಂದು. ಎರಡೂ ಒಂದೇ ವರ್ಷ ಹೊರಟುವು.

ಸಿಂಡಿಕೇಟು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಕಡಿಮೆ ಹಣವನ್ನೂ ಬ್ಯಾಂಕಿನ ಏಜೆಂಟನು ಮನೆಬಾಗಿಲಿಗೇ ಬಂದು ಪಡೆಯುತ್ತಿದ್ದ. ಕುಳ್ಳನೆಂಬ ಅರ್ಥದ ಈ ಇಂಗ್ಲಿಷ್ ಮಾತು ವಾಮನನ ಕಥೆ ಬಲ್ಲ ನಮ್ಮ ಜನರಿಗೆ ಅಪರಿಚಿತವೆನಿಸಲಿಲ್ಲ. ‘ಪಿಗ್ಮಿ ಕಟ್ಟುವುದು’ ಎಂಬ ಕ್ರಿಯಾಪದವೇ ಕನ್ನಡದಲ್ಲಿ ಹುಟ್ಟಿತು. ಈ ಯೋಜನೆಯ ಜಾಣ್ಮೆ ಮೊತ್ತದ ಸಣ್ಣತನದಲ್ಲಿ ಇಲ್ಲ, ಕಾಲದ ಅಳತೆಯಲ್ಲಿದೆ. ಸಂಬಳದವನು ತಿಂಗಳನ್ನು ಎಣಿಸುತ್ತಾನೆ. ಮೀನು ಮಾರುವವಳು, ಬೀಡಿ ಕಟ್ಟುವವಳು, ಹೋಟೆಲಿನ ಮಾಣಿ ಎಣಿಸುವುದು ದಿನವನ್ನು. ಸಂಜೆ ಬಂದ ಕಾಸು ಮರುದಿನದ ಸಂಜೆಯವರೆಗೆ ಕೈಯಲ್ಲಿ ನಿಲ್ಲುವುದಿಲ್ಲ. ಗಳಿಕೆ ದಿನದಿನದ್ದಾದರೆ ಉಳಿಕೆಯೂ ದಿನದಿನದ್ದಾಗಬೇಕು. ಮೇಲಾಗಿ, ಎರಡಾಣೆ ಹಿಡಿದು ಬ್ಯಾಂಕಿನ ಮೇಜಿನ ಮುಂದೆ ನಿಲ್ಲುವ ಸಂಕೋಚವನ್ನು ಈ ಏರ್ಪಾಡು ತಪ್ಪಿಸಿತು. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 45 ರೂಪಾಯಿ 10 ಆಣೆ. ಹತ್ತು ವರ್ಷಕ್ಕೆ ಅಸಲೇ 456 ರೂಪಾಯಿ 4 ಆಣೆ. ಹನಿಗೂಡಿದರೆ ಹಳ್ಳ ಎಂಬ ಗಾದೆಗೆ ಪಾಸ್‌ಬುಕ್ಕಿನಲ್ಲಿ ಬರೆದ ವ್ಯಾಖ್ಯಾನವಿದು. (1957ರಲ್ಲಿ ದಶಮಾಂಶ ನಾಣ್ಯ ಬಂದಾಗ ಎರಡಾಣೆಗೆ 12 ನಯಾಪೈಸೆ ಎಂದಾಯಿತು, ಅರ್ಧ ಪೈಸೆ ಎಲ್ಲಿ ಹೋಯಿತೆಂದು ಕೇಳುವ ಅಜ್ಜಿಯರು ಪ್ರತಿ ಊರಿನಲ್ಲೂ ಇದ್ದಿರಲೇಬೇಕು.)

ಇದು ಪಿಂಚಣಿಯಾಗಿತ್ತೆಂದು ನಾನು ಹೇಳುತ್ತಿಲ್ಲ. ಅವಧಿ ಮುಗಿದಾಗ ಗಂಟು ಒಟ್ಟಿಗೆ ಕೈಗೆ ಬರುತ್ತಿತ್ತು. ಮಗಳ ಮದುವೆ, ಮನೆಯ ಹಂಚು, ಮಗನ ಶಾಲೆಯ ಫೀಸು ಅದಕ್ಕಾಗಿ ಕಾದಿರುತ್ತಿದ್ದುವು. ಮುಪ್ಪಿನ ಪಾಲಿಗೆ ಉಳಿಯುತ್ತಿದ್ದುದು ಕೊನೆಯ ತುತ್ತು. ಬೆಲೆಯೇರಿಕೆ ಅದನ್ನೂ ಮುಕ್ಕುತ್ತಿತ್ತು. ಆದರೆ ಭೂಮಿಯಿಲ್ಲದವನ ಹೆಸರಿನಲ್ಲಿ ಒಂದು ಲೆಕ್ಕದ ಪುಸ್ತಕ ಹುಟ್ಟಿತಲ್ಲ, ಅದು ಚಿಕ್ಕ ಸಂಗತಿಯಲ್ಲ.

ಪುಸ್ತಕವಿದ್ದರೆ ಸಾಲದು, ಅದನ್ನು ಬರೆದ ಸಂಸ್ಥೆ ಉಳಿಯಬೇಕು. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಬಿದ್ದಾಗ ಆರ್ಬತ್‌ನಾಟ್ ಪ್ರಸಂಗ ಮರುಕಳಿಸಿದಂತಾಯಿತು. ಈ ಸಲ ಸರ್ಕಾರ ಎಚ್ಚೆತ್ತಿತು. 1962ರ ಜನವರಿಯಿಂದ ಠೇವಣಿ ವಿಮೆ ಜಾರಿಗೆ ಬಂತು. ಒಬ್ಬನಿಗೆ 1,500 ರೂಪಾಯಿಗಳವರೆಗೆ ಅಭಯ. ಅದು 1993ರಲ್ಲಿ ಒಂದು ಲಕ್ಷವಾಗಿ, 2020ರಲ್ಲಿ ಐದು ಲಕ್ಷವಾಯಿತು. ನಡುವಿನ ಇಪ್ಪತ್ತೇಳು ವರ್ಷ ಅದು ಒಂದು ಲಕ್ಷದಲ್ಲೇ ಕುಳಿತಿದ್ದುದು ಸೋಜಿಗ.

ಇನ್ನು ಆ ಏಜೆಂಟನ ಮಾತು. ಮಳೆಗಾಲದಲ್ಲಿ ಕೊಡೆ ಹಿಡಿದು, ಚೀಲ ತೂಗುಹಾಕಿಕೊಂಡು ಬೀದಿ ಬೀದಿ ಸುತ್ತಿ ಇತರರ ನಾಳೆಗಳನ್ನು ಕೂಡಿಹಾಕಿದವನಿಗೆ ತನ್ನ ನಾಳೆ ಯಾವುದು? ಅವನಿಗಿದ್ದುದು ಕಮಿಷನ್ ಮಾತ್ರ. ಬ್ಯಾಂಕುಗಳ ದೃಷ್ಟಿಯಲ್ಲಿ ಅವನು ನೌಕರನಲ್ಲ. ಆದುದರಿಂದ ಭವಿಷ್ಯನಿಧಿಯಿಲ್ಲ, ಉಪದಾನವಿಲ್ಲ. 1971ರಲ್ಲಿ ದೇವಕೀನಂದನ ಪ್ರಸಾದ್ ಮೊಕದ್ದಮೆಯಲ್ಲಿ, 1982ರಲ್ಲಿ ನಾಕರಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಪಿಂಚಣಿಯು ಭಿಕ್ಷೆಯಲ್ಲ, ಹಕ್ಕು ಎಂದು ಸಾರಿತು. ಆ ಘೋಷಣೆ ಇವನ ಓಣಿಯವರೆಗೆ ಬರಲಿಲ್ಲ. ಇವರ ವ್ಯಾಜ್ಯ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ನಡೆಯಿತು. 1988ರಲ್ಲಿ ಅದು ಇವರೂ ಕೆಲಸಗಾರರೇ ಎಂದು ತೀರ್ಪಿತ್ತಿತು. ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಕಮಿಷನ್ನಿನಷ್ಟು ಉಪದಾನವನ್ನೂ ವಿಧಿಸಿತು. ಬ್ಯಾಂಕುಗಳು ಮೇಲ್ಮನವಿ ಹೋದುವು. ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿದುದು 2001ರಲ್ಲಿ. ಪಿಗ್ಮಿ ಹುಟ್ಟಿ ಆಗಲೇ ಎಪ್ಪತ್ತಮೂರು ವರ್ಷವಾಗಿತ್ತು. ಮೊದಲ ಮನೆಯ ಕದ ತಟ್ಟಿದ ಕೈಗಳು ಆ ವೇಳೆಗೆ ಎಂದೋ ತಣ್ಣಗಾಗಿದ್ದುವು.

ಇತ್ತ ಸರ್ಕಾರಿ ನೌಕರರ ನಿಶ್ಚಿತ ಪಿಂಚಣಿಯೂ ಹೊಸಬರಿಗೆ ನಿಂತಿತು: ಕೇಂದ್ರದಲ್ಲಿ 2004ರ ಜನವರಿಯಿಂದ, ಕರ್ನಾಟಕದಲ್ಲಿ 2006ರ ಏಪ್ರಿಲಿನಿಂದ ಸೇರಿದವರು ತಮ್ಮ ಸಂಬಳದ ಒಂದು ಭಾಗವನ್ನು ಸ್ವತಃ ಕಟ್ಟಬೇಕಾಯಿತು. ಅಸಂಘಟಿತರಿಗಾಗಿ 2015ರಲ್ಲಿ ಅಟಲ್ ಪಿಂಚಣಿ ಯೋಜನೆ ಬಂತು. ಅರುವತ್ತರ ಬಳಿಕ ತಿಂಗಳಿಗೆ 1,000ದಿಂದ 5,000 ರೂಪಾಯಿ. ಗುಮಾಸ್ತನೂ ನೇಕಾರನೂ ಹೀಗೆ ಒಂದೇ ಸಾಲಿನಲ್ಲಿ ನಿಲ್ಲತೊಡಗಿದರು.

ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಉಡುಪಿಯ ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ. ಪಿಗ್ಮಿ ಮಾತ್ರ ಉಳಿದಿದೆ. ಇಂದು ಅದನ್ನು ಹೆಚ್ಚಾಗಿ ಸಂಗ್ರಹಿಸುವವು ನಮ್ಮ ಊರುಗಳ ಸಹಕಾರ ಸಂಘಗಳು. ಬ್ಯಾಂಕಿಗಿಂತ ಒಂದೆರಡು ಶೇಕಡಾ ಹೆಚ್ಚಿನ ಬಡ್ಡಿಯ ಆಸೆಗೆ ನಿವೃತ್ತರೂ ತಮ್ಮ ಗಂಟನ್ನು ಅಲ್ಲೇ ಇಡುವುದುಂಟು. ಬ್ಯಾಂಕಿನ ಪರವಾನಗಿಯಿಲ್ಲದ ಪತ್ತಿನ ಸಂಘಗಳಿಗೆ 1962ರ ಆ ವಿಮೆಯ ಅಭಯವಿಲ್ಲವೆಂಬುದು ಅವರಲ್ಲಿ ಅನೇಕರಿಗೆ ತಿಳಿಯುವುದು, ಸಂಘದ ಬಾಗಿಲಿಗೆ ಬೀಗ ಬಿದ್ದ ಬೆಳಿಗ್ಗೆ.